ಬದನೆಕಾಯಿಗಾಗಿ ಮಡಿ ಉಟ್ಟದ್ದು

ಮನೆಯ ಹಿತ್ತಲಲ್ಲಿ ಕೈತೋಟ ಮಾಡಬೇಕೆಂದಿರುವ ಮಹನೀಯರಿಗೆ ನನ್ನದೊಂದು ಸಲಹೆ. ಬೀಜ, ಗೊಬ್ಬರ, ನೀರು ಎಲ್ಲಾ ಆಮೇಲೆ. ಮೊದಲು ಒಂದು ಒಳ್ಳೆಯ ನಿಘಂಟು ಕೊಂಡುಕೊಳ್ಳಿ. ನಾನು ಅದೊಂದನ್ನು ಮಾಡಲಿಲ್ಲ, ಉಳಿದಿದ್ದೆಲ್ಲಾ ಮಾಡಿದೆ.

ನಾನು ಗುತ್ತೆಪ್ಪ. ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ಗುಮಾಸ್ತ. ನಮ್ಮಪ್ಪನೂ ಮಿಲ್ಲು, ಅವರಪ್ಪನೂ ಮಿಲ್ಲು. ಹೀಗಾಗಿ ನಮ್ಮ ವಂಶಕ್ಕೆ ಹತ್ತಿ ಗೊತ್ತೇ ಹೊರತು ಹತ್ತಿಗಿಡ ಗೊತ್ತಿಲ್ಲ. ನನ್ನ ಹೆಂಡತಿ ಕೊಟ್ರವ್ವ ಕೊಂಡಜ್ಜಿ ಹಳ್ಳಿಯ ರೈತರ ಮನೆಯವಳು. ಆವರಗೆರೆ ಕಡೆ ನಾವು ಮನೆ ಕಟ್ಟಿಸಿದಾಗ ಹಿಂದೆ ಹತ್ತು ಹೆಜ್ಜೆ ಅಗಲದ ಹಿತ್ತಲು ಉಳಿಯಿತು. ಅದನ್ನು ನೋಡಿದಾಗಲೆಲ್ಲ ಅವಳ ಕಣ್ಣಿಗೆ ಅಲ್ಲಿ ಒಂದು ಎಮ್ಮೆ ನಿಂತ ಹಾಗೆ ಕಾಣುತ್ತಿತ್ತು.

"ನಮ್ಮ ತಿಪ್ಪೇರುದ್ರಪ್ಪ ಮಾವ ಒಂದು ಎಮ್ಮಿ ಕೊಡ್ತೀನಿ ಅಂತ ಎಷ್ಟು ಸಲ ಅಂದಾನ. ಕಟ್ಟಾಕೆ ಜಾಗ ಐತೆ, ನಿಮಗೇನ್ರಿ ಕಷ್ಟ?"

ಕಷ್ಟ ಏನೆಂದು ಬಿಡಿಸಿ ಹೇಳಬೇಕೆ? ಹಿತ್ತಲ ಕಡೆಯ ಕಿಟಕಿ ನನ್ನ ಮಂಚದ ತಲೆದಿಂಬಿನ ಪಕ್ಕದ್ದು. ಹುಲ್ಲು ತರುವವನು, ಮೈ ತೊಳೆಸುವವನು, ಸಗಣಿ ಬಾಚುವವನು ಯಾರೆಂಬುದು ಮದುವೆಯಾದ ಗಂಡಸರಿಗೆಲ್ಲ ಗೊತ್ತು. ಅದಕ್ಕೇ ನಾನು ಗಂಭೀರವಾಗಿ ಘೋಷಿಸಿದೆ: "ಅಲ್ಲಿ ನಾನು ಕೈತೋಟ ಮಾಡ್ತೀನಿ."

"ನೀವಾ? ತುಳಸಿ ಗಿಡಕ್ಕ ಬಿಸಿನೀರು ಹಾಕಿದೋರು ನೀವು!"

(ಹಾಕಿದ್ದು ನಿಜ. ಚಳಿಗಾಲ ಇತ್ತು, ಪಾಪ ಅನ್ನಿಸಿತ್ತು.)

ಮಾತಿಗೆ ಮಾತು ಬೆಳೆದು ಕೊನೆಗೆ ಪಂಥವಾಯಿತು. ಪ್ರತಿ ಸಂಕ್ರಾಂತಿಗೆ ನಾವು ಬುತ್ತಿ ಕಟ್ಟಿಕೊಂಡು ಹರಿಹರಕ್ಕೆ ಹೋಗಿ, ಹೊಳೆದಂಡೆಯಲ್ಲಿ ಕೂತು ರೊಟ್ಟಿ, ಎಣ್ಣೆಗಾಯಿ ತಿನ್ನುವುದು ಪದ್ಧತಿ. ಅವಳ ತವರಿನವರೂ ಅಲ್ಲಿಗೇ ಬರುತ್ತಾರೆ. ಈ ಸಲದ ಎಣ್ಣೆಗಾಯಿ ನಮ್ಮ ಹಿತ್ತಲ ಬದನೆಕಾಯಿಯದಾದರೆ ಹಿತ್ತಲು ನನ್ನದು. ಇಲ್ಲವಾದರೆ ಎಮ್ಮೆಯದು.

ಈಗ ಸಲಹೆ ಕೇಳಲು ಹೊರಟೆ. ರೇಡಿಯೋದವರು ಒಂದು ಕಾಲ ಹೇಳಿದರು. ಮಿಲ್ಲಿನ ವಾಚ್‌ಮನ್ ಸೂರಪ್ಪ ಅದಲ್ಲ ಎಂದು ಇನ್ನೊಂದು ಮಳೆಯ ಹೆಸರು ಹೇಳಿದ. ಮಾರ್ಕೆಟ್ಟಿನ ತರಕಾರಿ ಓಬಕ್ಕ, "ಬೆಳಿಯಾಕ ಯಾಕ ಹೊಕ್ಕೀಯಪ್ಪ, ನಾನು ಸತ್ತೀನೇನು?" ಎಂದು ಸಿಟ್ಟಾದಳು. ತಲೆಕೆಟ್ಟು, ಕೊಟ್ರವ್ವನಿಗೆ ಗೊತ್ತಾಗದ ಹಾಗೆ ಅವಳ ಆ ತಿಪ್ಪೇರುದ್ರಪ್ಪ ಮಾವನಿಗೇ ಒಂದು ಕಾಗದ ಹಾಕಿದೆ. ಎಂಟು ದಿನಕ್ಕೆ ಆಫೀಸಿನ ವಿಳಾಸಕ್ಕೆ ಇನ್‌ಲ್ಯಾಂಡ್ ಲೆಟರಿನಲ್ಲಿ ಉತ್ತರ ಬಂತು. ಇಗೋ, ಒಂದಕ್ಷರ ಬಿಡದೆ ಕೊಡುತ್ತೇನೆ. ನೀವೇ ನ್ಯಾಯ ಹೇಳಿ:

"ಚಿ. ಗುತ್ತೆಪ್ಪನಿಗೆ ಆಶೀರ್ವಾದಗಳು. ಬದನೆ ಬೀಜ ಹಸ್ತದಲ್ಲೇ ಹಾಕು. ಹಾಕುವ ಮುಂಚೆ ಮಡಿ ಮಾಡಿಕೊ. ಮಡಿಗೆ ಬೂದಿ ಹಾಕು. ಮಡಿ ಯಾವಾಗಲೂ ಒದ್ದೆ ಇರಲಿ, ಎರಡು ಹೊತ್ತು ನೀರು ಬೀಳಲಿ. ಮಡಿಯ ಹತ್ತಿರ ಕೋಳಿ ಬರಗೊಡಬೇಡ. ತಿಂಗಳಾದ ಮೇಲೆ ಪಾತಿ ಮಾಡಿಸಿ ಸಸಿ ನೆಡು. ಇತಿ ಶುಭಂ."

ನಮ್ಮವ್ವ ಇದ್ದಾಗ ಮನೆಯಲ್ಲಿ ಮಡಿ ಅಂದರೆ ಮಡಿ. ಸ್ನಾನ ಮಾಡಿ, ಒದ್ದೆ ಬಟ್ಟೆ ಉಟ್ಟು, ವಿಭೂತಿ ಧರಿಸಿ, ಯಾರನ್ನೂ ಮುಟ್ಟದೆ ಪೂಜೆಗೆ ಕೂರುತ್ತಿದ್ದಳು. ನನಗೆ ಗೊತ್ತಿದ್ದ ಮಡಿ ಅದೊಂದೇ. ಬದನೆಕಾಯಿ ಇಷ್ಟೊಂದು ನೇಮದ ತರಕಾರಿ ಅಂತ ಆವತ್ತೇ ತಿಳಿದದ್ದು. ಹಸ್ತದಲ್ಲೇ ಹಾಕು ಎಂದು ಒತ್ತಿ ಬರೆದಿದ್ದು ಯಾಕೆಂದು ಮಾತ್ರ ತಿಳಿಯಲಿಲ್ಲ. (ಕೈಯಲ್ಲಲ್ಲದೆ ಕಾಲಲ್ಲಿ ಹಾಕುವವರೂ ಇದ್ದಾರೆಯೇ?)

ಮರುದಿನ ಬೆಳಿಗ್ಗೆ ತಣ್ಣೀರು ಸುರಿದುಕೊಂಡು, ಒದ್ದೆ ಧೋತ್ರ ಉಟ್ಟು, ಹಣೆ, ತೋಳು, ಎದೆಗೆಲ್ಲ ಮೂರು ಬೆರಳ ವಿಭೂತಿ ಎಳೆದುಕೊಂಡು ಹಿತ್ತಲಿಗೆ ಇಳಿದೆ. ಬಲ ಹಸ್ತದಲ್ಲಿ ಬೀಜ ಹಿಡಿದು ಚೆಲ್ಲುತ್ತಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯ ಖತೀಜಾಬೀಯ ಕೆಂಪು ಹುಂಜ ಗೋಡೆ ಹಾರಿ ನೇರ ನನ್ನ ಕಡೆಗೇ ಬಂತು. ಮಡಿ ಕೆಡುತ್ತದಲ್ಲ! ನಾನು ಬಟ್ಟೆ ಒಗೆಯುವ ಕಲ್ಲು ಹತ್ತಿ ನಿಂತು, "ಹಚಾ! ಮುಟ್ಟಬ್ಯಾಡ! ದೂರ, ದೂರ!" ಎಂದು ಕೂಗಿದೆ.

ಖತೀಜಾಬೀ ಗೋಡೆಯಾಚೆ ತಲೆ ಎತ್ತಿದರು. "ಯಾಕ್ರೀ ಅಣ್ಣಾರೆ, ನಮ್ಮ ಹುಂಜ ನಿಮಗೇನು ಮಾಡ್ತು?"

"ಏನಿಲ್ಲ ಅಕ್ಕಾರೆ, ನಾನು ಮಡೀಲಿದ್ದೀನಿ."

"ಯಾ ಅಲ್ಲಾ!" ಎಂದು ಅವರು ತಲೆ ಒಳಗೆಳೆದುಕೊಂಡರು. ಹುಂಜ ಮಾತ್ರ ನನ್ನ ಕಾಲ ಬೆರಳಿಗೆ ಒಂದು ಸಲ ಕುಕ್ಕಿಯೇ ಹೋಯಿತು. ನಾನು ಮತ್ತೆ ಸ್ನಾನ ಮಾಡಿದೆ.

ಎರಡು ಹೊತ್ತು ನೀರು ಬೀಳಲಿ ಎಂದಿತ್ತಲ್ಲ, ಬೆಳಿಗ್ಗೆ ಎರಡು ಕೊಡ, ಸಂಜೆ ಎರಡು ಕೊಡ ನನ್ನ ಮೇಲೇ ಸುರಿದುಕೊಂಡೆ. ನೆಲಕ್ಕೆ ಒಂದು ಹನಿ ಹಾಕಲಿಲ್ಲ, ಕಾಗದದಲ್ಲಿ ಬರೆದಿರಲಿಲ್ಲವಲ್ಲ. ನಾಲ್ಕನೇ ದಿನಕ್ಕೆ ನೆಗಡಿ, ಎಂಟನೇ ದಿನಕ್ಕೆ ಕೆಮ್ಮು, ಜ್ವರ. ಮನೆಯಲ್ಲಿ ಕೊಟ್ರವ್ವ ಕಂಗಾಲು.

"ಯಾಕ್ರೀ ಹಿಂಗೆ ಮಾಡ್ತೀರಿ? ಮನಿ ಬಿಟ್ಟು ಮಠಕ್ಕೇನಾರ ಹೋಗೋ ಆಲೋಚನಿ ಐತೇನು?"

"ಸಂಕ್ರಾಂತಿ ತಂಕ ಏನೂ ಕೇಳಬ್ಯಾಡ."

"ಎಮ್ಮಿ ಬ್ಯಾಡಂದ್ರೆ ಬ್ಯಾಡ ಅನ್ರಿ. ಅದಕ್ಕ ಸನ್ಯಾಸ ಯಾಕ?" ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು, ಆದರೆ ಅದು ನೆಗಡಿಯದೋ ಸಂಸಾರದ್ದೋ ಗೊತ್ತಾಗಲಿಲ್ಲ. ಅವಳು ಆವತ್ತೇ ಕೂತು ಯಾರಿಗೋ ಒಂದು ಕಾಗದ ಬರೆದಳು. ನಾನು ಮಡಿಯಲ್ಲಿದ್ದೆನಾದ್ದರಿಂದ ಯಾರಿಗೆಂದು ಮುಟ್ಟಿ ನೋಡಲಿಲ್ಲ.

ಇಷ್ಟೆಲ್ಲ ಆಗಿ ಬೀಜ ಹುಟ್ಟಿದವೇ? ಹುಟ್ಟಿದವು! ಹಿತ್ತಲಲ್ಲೆಲ್ಲ ಅಲ್ಲ, ಆ ಒಗೆಯುವ ಕಲ್ಲಿನ ಪಕ್ಕ, ದಿನಾ ನಾನು ನಿಂತು ಧೋತ್ರ ಹಿಂಡುತ್ತಿದ್ದ ಜಾಗದಲ್ಲಿ ಮಾತ್ರ ಗುಂಪಾಗಿ ಬಂದವು. ನೇಮ ಫಲಿಸಿತು ಅಂದುಕೊಂಡೆ. ಈಗ ಉಳಿದಿದ್ದು ಪಾತಿ.

ನಮ್ಮ ಓಣಿಯ ಬಾಯಲ್ಲಿ ದರ್ಗಾದಲ್ಲಿ ಓದುವ ಪ್ರಾರ್ಥನೆ, ಫಾತಿಹಾ, ಸವೆದು ಸವೆದು 'ಪಾತಿ' ಆಗಿದೆ. ಸಕ್ಕರೆ, ಊದುಬತ್ತಿ ಕೊಟ್ಟು ಓದಿಸಿಕೊಂಡು ಬರುವುದಕ್ಕೆ ನಮ್ಮವರೂ 'ಪಾತಿ ಮಾಡಿಸಿದೆ' ಅನ್ನುತ್ತಾರೆ. ಮಡಿಯಾದ ಮೇಲೆ ಪಾತಿ. ಎರಡೂ ಧರ್ಮಕ್ಕೆ ಗೌರವ ಕೊಡುವ ತರಕಾರಿ ಎಂದು ನನಗೆ ಬದನೆಕಾಯಿಯ ಮೇಲೆ ಭಕ್ತಿಯೇ ಹುಟ್ಟಿತು. ಶುಕ್ರವಾರ ಪಾವು ಸಕ್ಕರೆ, ಒಂದು ಕಟ್ಟು ಊದುಬತ್ತಿ ಹಿಡಿದು ಖತೀಜಾಬೀಯ ಗಂಡ ಜಮಾಲ್ ಸಾಬರ ಮುಂದೆ ನಿಂತೆ. ಅವರು ಟೇಲರು, ನಿಧಾನದ ಮನುಷ್ಯ. ಹೊಲಿಗೆ ಮಿಷನ್ ನಿಲ್ಲಿಸಿದರು.

"ಸಾಬ್ರೆ, ಒಂದು ಪಾತಿ ಮಾಡಿಸಬೇಕಿತ್ತು."

"ಆಗ್ಲಿ, ಅದಕ್ಕೇನು. ಯಾರ ಹೆಸರಿಗೆ?"

"ಬದನೆ ಸಸಿ ಹೆಸರಿಗೆ."

ಜಮಾಲ್ ಸಾಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಗುತ್ತೆಪ್ಪಣ್ಣಾ, ಜ್ವರ ಇಳಿದೈತೋ ಇಲ್ಲೋ?"

ನಾನು ಜೇಬಿನಿಂದ ಕಾಗದ ತೆಗೆದು ಕೊಟ್ಟೆ. ಅವರು ಓದಿದರು. ಮತ್ತೊಮ್ಮೆ ಓದಿದರು. ಮೀಸೆ ಅಲುಗಿತು. ಒಳಗಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಖತೀಜಾಬೀಗೆ ತಡೆಯಲಾಗಲಿಲ್ಲ.

"ಅಯ್ಯೋ ಅಣ್ಣಾರೆ! ಪಾತಿ ಅಂದ್ರೆ ಗಿಡದ ಸುತ್ತ ನೀರು ನಿಲ್ಲಾಕ ಕಟ್ಟೋ ಮಣ್ಣಿನ ಪಾತಿರಿ! ಮಡಿ ಅಂದ್ರೆ ಸಸಿ ಎಬ್ಬಿಸೋ ನೆಲ! ಒದ್ದೆ ಮಾಡಾಕ ಹೇಳಿದ್ದು ನೆಲಾನ, ನಿಮ್ಮನ್ನಲ್ಲ!"

"ಹಾಗಾದ್ರೆ ಹಸ್ತ?"

"ಅದು ಮಳೀರಿ, ಹಸ್ತದ ಮಳಿ. ಅದು ಮುಗಿದು ಎಷ್ಟೋ ದಿನ ಆತು."

"ಬೂದಿ?"

"ಒಲಿ ಬೂದಿ! ಹುಳ ಬರಬಾರ್ದು ಅಂತ!"

ಒಂದು ತಿಂಗಳು ಮೈಗೆಲ್ಲ ಬಳಿದುಕೊಂಡದ್ದು ಕಣ್ಣ ಮುಂದೆ ಬಂತು. ಹುಳ ಬರಲಿಲ್ಲ ಎಂಬುದೊಂದೇ ಸಮಾಧಾನ. ಸಕ್ಕರೆಯನ್ನು ಖತೀಜಾಬೀಯ ಕೈಗೇ ಕೊಟ್ಟೆ. ಅದರಲ್ಲಿ ಚಹಾ ಮಾಡಿ, ಗೋಡೆಯ ಮೇಲಿಂದ ಕೊಟ್ರವ್ವನನ್ನೂ ಕರೆದು, ನಾಲ್ಕೂ ಜನ ಕುಡಿದೆವು. ಮೂರು ಜನ ನಕ್ಕರು.

ಕೊಟ್ರವ್ವ ನಗುತ್ತಲೇ ಹೇಳಿದಳು: "ಸಸಿ ಅಂತೂ ಬಂದಾವಲ್ಲ. ಕಾಯಿ ಬಿಟ್ರೆ ಹಿತ್ತಲು ನಿಮ್ಮದು, ನಾನು ಮಾತಿಗೆ ತಪ್ಪಾಕಿಲ್ಲ."

ಆಮೇಲೆ ನಾನು ನಿಜವಾದ ಪಾತಿ ಮಾಡಿದೆ. ನಿಜವಾದ ನೀರು ಹಾಕಿದೆ. ಒಲೆಯ ಬೂದಿ ಉದುರಿಸಿದೆ. ಸಂಕ್ರಾಂತಿ ಹತ್ತಿರ ಬರುವಷ್ಟರಲ್ಲಿ ಆರು ಗಿಡದಲ್ಲಿ ಒಂಬತ್ತು ಬದನೆಕಾಯಿ, ಮಿಣಮಿಣ ಮಿನುಗುವಂಥವು! ಆ ಸಂತೋಷ ನಿಮಗೆ ಹೇಗೆ ಹೇಳಲಿ. ಆಫೀಸಿಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ಮುಟ್ಟಿ ನೋಡುತ್ತಿದ್ದೆ. ಹಬ್ಬದ ಬೆಳಿಗ್ಗೆಯೇ ಕೀಳೋಣ, ತಾಜಾ ಇರಲಿ ಎಂದೆ. ಕೊಟ್ರವ್ವನೂ ಸೋಲು ಒಪ್ಪಿ ಎಣ್ಣೆಗಾಯಿಗೆ ಶೇಂಗಾ, ಎಳ್ಳು ಹುರಿದು ಪುಡಿ ಮಾಡಿಟ್ಟಳು.

ಹಬ್ಬದ ಹಿಂದಿನ ಸಂಜೆ ಆಫೀಸಿನಿಂದ ಬಂದರೆ ಕಟ್ಟೆಯ ಮೇಲೆ ತಿಪ್ಪೇರುದ್ರಪ್ಪ ಮಾವ ಕೂತಿದ್ದಾರೆ. ನನ್ನನ್ನು ನೋಡಿದ್ದೇ ಎದ್ದು ತಬ್ಬಿಕೊಂಡರು.

"ಭಲೇ ಅಳಿಯಾ! ನೀನು ಇಂಥ ಒಕ್ಕಲಿಗ ಅಂತ ನಾನು ತಿಳಿದಿರಲಿಲ್ಲ ನೋಡು! ನಮ್ಮ ಹುಡುಗಿ ಕಾಗದ ಬರೆದಿದ್ದಳು. 'ಇವರಿಗೆ ಹಗಲೂ ರಾತ್ರಿ ಮಡಿದೇ ಚಿಂತಿ, ಮಡಿ ಅಂದ್ರೆ ಜೀವ ಬಿಡ್ತಾರೆ, ಎರಡು ಹೊತ್ತು ಕೊಡಗಟ್ಟಲೆ ನೀರು, ಊಟಾನೂ ಸರಿಯಾಗಿ ಮಾಡಲ್ಲ, ನೀವೇ ಏನಾರ ದಾರಿ ಮಾಡ್ರಿ' ಅಂತ. ಓದಿ ನನ್ನ ಕರುಳು ಚುರುಕ್ ಅಂತು. ಇಷ್ಟು ದುಡಿಯೋ ಹುಡುಗನಿಗೆ ಒಂದು ಬುಟ್ಟಿ ಗೊಬ್ಬರಕ್ಕೂ ಗತಿ ಇಲ್ಲ ಅಂದ್ರೆ ಹೆಂಗೆ? ಅದಕ್ಕ ಸುಗ್ಗಿ ಕೆಲಸ ಮುಗೀತಿದ್ದಂಗ ಎಮ್ಮಿನೇ ಹೊಡ್ಕೊಂಡು ಬಂದೀನಿ. ಇನ್ನ ನಿನ್ನ ಮಡಿಗೆ ಗೊಬ್ಬರದ ಚಿಂತಿ ಇಲ್ಲ!"

"ಎಮ್ಮೆ... ಎಲ್ಲಿ ಮಾವ?"

"ಹಿತ್ತಲಾಗ ಬಿಟ್ಟೀನಿ. ಕೊಂಡಜ್ಜಿಯಿಂದ ನಡೆದು ಬಂದೈತೆ, ಪಾಪ, ಹಸಿದಿತ್ತು."

ನಾನು ಓಡಿದೆ. ಆರೂ ಪಾತಿಗಳು ದುಂಡಗೆ, ಅಚ್ಚುಕಟ್ಟಾಗಿ ಹಾಗೇ ಇದ್ದವು. ಗಿಡ ಇರಲಿಲ್ಲ. ಎಮ್ಮೆಯ ಬಾಯಿಯ ಪಕ್ಕದಲ್ಲಿ ಒಂದು ಬದನೆಕಾಯಿಯ ತೊಟ್ಟು ನೇತಾಡುತ್ತಿತ್ತು. ಅದೂ ನೋಡುನೋಡುತ್ತಾ ಒಳಗೆ ಹೋಯಿತು.

ಕೊಟ್ರವ್ವ ಬಾಗಿಲಿಗೆ ಬಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. "ನಾ ಅದಕ್ಕಂತ ಬರೀಲಿಲ್ರೀ, ನಮ್ಮಪ್ಪನಾಣೆ," ಎಂದಳು. ಅದು ನಿಜವೇ. ಆದರೆ ಅವಳ ಕಣ್ಣು ಆಗಲೇ ಎಮ್ಮೆಯ ಕೆಚ್ಚಲ ಕಡೆ ಹೊರಳಿತ್ತು.

ಮರುದಿನ ಹರಿಹರದ ಹೊಳೆದಂಡೆಯಲ್ಲಿ ಓಬಕ್ಕನ ಅಂಗಡಿಯ ಬದನೆಕಾಯಿಯ ಎಣ್ಣೆಗಾಯಿ ತಿಂದೆ. ಮಾವ ಎಲ್ಲರ ಮುಂದೆ ನನ್ನ ಮಡಿಯನ್ನು ಹೊಗಳಿದ್ದೇ ಹೊಗಳಿದ್ದು.

ಊರಿಗೆ ಹೋದ ಮೇಲೆ ಅವರು ಎಮ್ಮೆ ಸಾಕುವ ಕ್ರಮ ಬರೆದು ಇನ್ನೊಂದು ಇನ್‌ಲ್ಯಾಂಡ್ ಲೆಟರ್ ಕಳಿಸಿದರು. ಈ ಸಲ ನಾನು ಬುದ್ಧಿವಂತನಾದೆ. ಒಡೆಯದೆ ತಂದು ಕೊಟ್ರವ್ವನ ಕೈಗೆ ಕೊಟ್ಟು, ಪ್ರತಿ ಪದಕ್ಕೂ ಅರ್ಥ ಬಿಡಿಸಿ ಹೇಳು ಎಂದೆ. ಅವಳು ಮೇಲಿಂದ ಕೆಳಗಿನವರೆಗೆ ಓದಿ, ಕಾಗದ ಮಡಿಸಿ, ಮೂಲೆಯಲ್ಲಿದ್ದ ಬುಟ್ಟಿ ತಂದು ನನ್ನ ಕೈಗಿಟ್ಟಳು.

"ಸಗಣಿ ಅಂತ ಬರದೈತ್ರೀ. ಅದಕ್ಕ ಒಂದೇ ಅರ್ಥ."