ನಮ್ಮ ಮಾವನ ಅವಸರದ ರಾಗಿ

ನಮ್ಮ ಸೋದರಮಾವನಿಗೆ ದೇವರ ಮೇಲೆ ನಂಬಿಕೆಯಿದೆ. ಪ್ರಸಾದವನ್ನು ಮಾತ್ರ ಮೂಸಿ ನೋಡಿಯೇ ಬಾಯಿಗೆ ಹಾಕಿಕೊಳ್ಳುತ್ತಾರೆ! ಇಡೀ ಸರ್ವಿಸನ್ನು ಆಡಿಟ್ ಆಫೀಸಿನಲ್ಲಿ ಕಳೆದವರು. ಲೋಕದಲ್ಲಿ ಎಲ್ಲರೂ ಕಳ್ಳರೇ, ಕೆಲವರು ಇನ್ನೂ ಸಿಕ್ಕಿಬಿದ್ದಿಲ್ಲ ಅಷ್ಟೇ ಎಂಬುದು ಅವರ ಸಿದ್ಧಾಂತ. ಹಾಲಿನವನು, ಆಟೋದವನು, ಟೀವಿಯಲ್ಲಿ ಹವಾಮಾನ ಹೇಳುವಾಕೆ, ಯಾರಿಗೂ ರಿಯಾಯಿತಿಯಿಲ್ಲ. ನನ್ನ ಮಗಳು ಹುಟ್ಟಿದಾಗ ತೊಟ್ಟಿಲಿಗೆ ಬಗ್ಗಿ, "ಕಿವಿ ನಮ್ಮ ಕಡೇದಲ್ಲ. ಆಸ್ಪತ್ರೇಲಿ ಸರಿಯಾಗಿ ವಿಚಾರಿಸಿದ್ರಾ?" ಎಂದಿದ್ದರು. ನನ್ನ ಗಂಡ ಇವತ್ತಿಗೂ ಅವರ ಮನೆಗೆ ಬರುವಾಗ ಕಿವಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿಕೊಳ್ಳುತ್ತಾರೆ.

ಇಂಥವರ ಮೇಲೇ ನಮಗೆಲ್ಲ ಅನುಮಾನ ಬರುವ ಕಾಲವೂ ಬಂತು. ಜೆ.ಪಿ. ನಗರದ ಅವರ ಮನೆಯ ಟೆರೇಸಿನಲ್ಲಿ ಒಂದು ರೂಮಿದೆ. ಬಾಡಿಗೆಗಿದ್ದ ಹುಬ್ಬಳ್ಳಿಯ ಗಂಡ ಹೆಂಡತಿ ಖಾಲಿ ಮಾಡಿದ್ದೇ ತಡ, ಮಾವ ಅದಕ್ಕೆ ಬೀಗ ಜಡಿದು ಕೀಲಿಯನ್ನು ಉಡುದಾರಕ್ಕೆ ಕಟ್ಟಿಕೊಂಡರು. ಆಮೇಲೆ ಒಂದೊಂದೇ ಸಾಮಾನು ಮೆಟ್ಟಿಲು ಹತ್ತತೊಡಗಿತು. ಥರ್ಮಾಸ್ ಫ್ಲಾಸ್ಕು, ಕಪ್ಪು ಬಟ್ಟೆ, ಬಟರ್ ಪೇಪರು, ಭೂತಗನ್ನಡಿ, ಮೊಳದುದ್ದದ ಥರ್ಮಾಮೀಟರು! ಬಾಗಿಲ ಸಂದಿಯಿಂದ ಗುಲಾಬಿ ಬೆಳಕು ಬೇರೆ. ನಮ್ಮಮ್ಮ "ಮಾಟ" ಎಂದಳು. ನನ್ನ ಗಂಡ "ಮದ್ಯ" ಎಂದರು, ಸ್ವಲ್ಪ ಆಸೆಯಿಂದಲೇ. ಅತ್ತೆ ಮಾತ್ರ ನಿಶ್ಚಿಂತೆ.

"ಏನಾದ್ರೂ ಮಾಡ್ಕೊಳ್ಲಿ ಬಿಡೆ. ಅಡುಗೆಮನೇಲಿ ನಿಂತು ನನ್ನ ಸಾರಿಗೆ ಆಡಿಟ್ ಮಾಡೋದು ತಪ್ತಲ್ಲ!"

ನನಗೆಲ್ಲಿ ನಿಶ್ಚಿಂತೆ? ಬಿಟಿಎಂ ಲೇಔಟಿನ ನಮ್ಮ ಮನೆಯಿಂದ ಬಂದವಳು ಕಾಫಿ ಕೊಡುವ ನೆಪದಲ್ಲಿ ಮೇಲೆ ಹೋದೆ. ಮಾವ ಬಾಗಿಲಲ್ಲೇ ತಡೆದು ದುಪಟ್ಟಾ ಕೊಡವಿಸಿ, ಚಪ್ಪಲಿ ಬಿಡಿಸಿ, ಕಾಫಿಯನ್ನು ಮೂಸಿ, ಒಳಗೆ ಬಿಟ್ಟರು. ನೋಡಿದರೆ ಏನು? ರಾಗಿ! ದೀಪಗಳ ಕೆಳಗೆ, ಟ್ರೇಗಳಲ್ಲಿ, ಒತ್ತೊತ್ತಾಗಿ ನಿಂತ ರಾಗಿ ಪೈರು.

"ಹೊಸ ತಳಿ ಮಾಡೋಕೆ ಹೊಲದಲ್ಲಾದ್ರೆ ಹತ್ತು ವರ್ಷ ಬೇಕು. ನಾನು ವರ್ಷಕ್ಕೆ ನಾಲ್ಕು ಬೆಳೆ ತೆಗೀತೀನಿ. ತೆನೆ ಪೂರ್ತಿ ಒಣಗೋಕೂ ಬಿಡಲ್ಲ. ಕಾಳು ಬಲಿತ ತಕ್ಷಣ ಕಿತ್ತು, ಒಣಗಿಸಿ, ಮತ್ತೆ ಬಿತ್ತೋದೇ."

"ಅಷ್ಟು ಅವಸರ ಏನು ಮಾವ?"

"ಯಾರು ಕಳಿಸಿದ್ರು ನಿನ್ನ?" ಎಂದು ಕಣ್ಣು ಕಿರಿದು ಮಾಡಿದರು.

ಆಮೇಲೆ ತಾವೇ ಹೇಳಿದರು. ಅತ್ತೆಯ ತವರಿನ ಹೊಲ ಅಂಜನಾಪುರದ ಕಡೆಗಿತ್ತು. ಅಲ್ಲೀಗ ಪಿಜಿ ಹಾಸ್ಟೆಲು ಬೆಳೆದಿದೆ, ವರ್ಷವಿಡೀ ಫಸಲು! ಆ ಹೊಲದ ರಾಗಿ ಮುದ್ದೆಯ ಘಮವನ್ನು ಅತ್ತೆ ಇವತ್ತಿಗೂ ನೆನೆಯುತ್ತಾರೆ. ಹೊಸ ಅಳಿಯನಾಗಿ ಹೋದಾಗಲೆಲ್ಲ ಮಾವನೂ ಅದನ್ನು ಹೊಟ್ಟೆ ಬಿರಿಯುವಷ್ಟು ಉಂಡವರೇ. ಅದರ ಬೀಜ ಒಂದು ಡಬ್ಬಿಯಷ್ಟು ಉಳಿದಿತ್ತು. ಟೆರೇಸಿನಲ್ಲಿ ಬಿತ್ತಿದರೆ ಎದೆಯೆತ್ತರ ಬೆಳೆದು, ಮಳೆಗೆ ಮಲಗಿ, ಬೆಂಕಿರೋಗಕ್ಕೆ ಸುಟ್ಟುಹೋಯಿತು. ಕೊನೆಗೆ ಕೈಗೆ ಬಂದದ್ದು ಒಂದು ಹಿಡಿ. ಅದನ್ನು ರೋಗ ತಡೆಯುವ ಒಂದು ಗಿಡ್ಡ ತಳಿಯ ಜೊತೆ ಕೂಡಿಸಿ, ನೆಟ್ಟಗೆ ನಿಲ್ಲುವ ಆದರೆ ಅದೇ ಘಮದ ರಾಗಿ ತೆಗೆಯುವುದು ಮಾವನ ಹಟ.

"ಆ ಕೆಟ್ಟ ಜ್ವರ ಬಂದ್ಹೋದ ಮೇಲೆ ನಿಮ್ಮತ್ತೆಗೆ ವಾಸನೆ, ರುಚಿ ಎರಡೂ ಕಮ್ಮಿ ಆಗ್ತಿದೆ ಕಣೆ. ಇನ್ನೂ ಕಮ್ಮಿ ಆಗುತ್ತೆ ಅಂದ್ರು ಡಾಕ್ಟ್ರು. ಆ ಡಾಕ್ಟ್ರ ಮೇಲೂ ನನಗೆ ಅನುಮಾನ ಇದೆ. ಆದ್ರೂ..." ಎಂದವರು ಕಾಫಿ ಕುಡಿದರು.

ರಾಗಿಗೆ ಮದುವೆ ಮಾಡಿಸುವುದು ಸುಲಭವಲ್ಲ ಸ್ವಾಮಿ! ಒಂದೇ ಹೂವಿನಲ್ಲಿ ಗಂಡೂ ಹೆಣ್ಣೂ ಸಂಸಾರ ಹೂಡಿರುತ್ತವೆ, ಹೂವೋ ಸಾಸಿವೆಗಿಂತ ಸಣ್ಣದು. ಅದಕ್ಕೇ ತೆನೆಯನ್ನು ಹದವಾದ ಬಿಸಿನೀರಿನಲ್ಲಿ ಅದ್ದಬೇಕು. ಫ್ಲಾಸ್ಕು ಇದ್ದದ್ದು ಅದಕ್ಕೆ.

"ಗಂಡಿನ ಅಂಶ ಸತ್ತೋಗುತ್ತೆ. ಹೆಣ್ಣಿಗೆ ಏನೂ ಆಗಲ್ಲ" ಎಂದು ಮಾವ ಊಟದ ಹೊತ್ತಿನಲ್ಲಿ ವಿವರಿಸಿದರು.

"ಅಂಥ ನೀರು ನಮ್ಮ ಗೀಸರಲ್ಲೂ ಬರುತ್ತೇನ್ರೀ?" ಎಂದರು ಅತ್ತೆ.

ಮಾವ ಆಮೇಲೆ ಎಷ್ಟೋ ದಿನ ತಣ್ಣೀರಲ್ಲೇ ಸ್ನಾನ ಮಾಡಿದರು.

ಹುಟ್ಟಿದ ಸಸಿಗಳನ್ನಾದರೂ ನಂಬಿದರೇ? ಎಲ್ಲಿಯ ಮಾತು! ಅಪ್ಪನಾಗಿ ಆರಿಸಿದ ಗಿಡ್ಡ ತಳಿಯ ಕಾಂಡದ ಗಿಣ್ಣಿನಲ್ಲಿ ನೇರಳೆ ಬಣ್ಣವಿತ್ತು, ಅಮ್ಮನದು ಬರೀ ಹಸಿರು. ಮಗುವಿನ ಗಿಣ್ಣಿನಲ್ಲೂ ಅದು ಕಂಡರೆ ಕೂಡಿಕೆ ನಿಜ, ಬರೀ ಹಸಿರಾದರೆ ಸುಳ್ಳು. ಮಾವ ಭೂತಗನ್ನಡಿ ಹಿಡಿದು ಒಂದೊಂದೇ ಸಸಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ನೀನು ಅಪ್ಪನ ಮಗ. ನೀನು ಫೋರ್ಜರಿ. ನೀನೂ ಫೋರ್ಜರಿ" ಎನ್ನುತ್ತಿದ್ದರೆ ಅವರ ಮುಖದಲ್ಲಿ ಸರ್ವಿಸಿನ ಕಳೆ ಮರಳಿ ಬಂದಿತ್ತು.

ಎಲ್ಲ ಸರಿಯಾಗಿದೆ ಎನ್ನುವಾಗ ಎದುರುಮನೆ ಆಂಟಿ ವರ್ಷಗಟ್ಟಲೆ ಓಡಾಡಿ ರಸ್ತೆಗೆ ದೊಡ್ಡ ಬೀದಿದೀಪ ಹಾಕಿಸಿದರು. ಬೀದಿಗೆಲ್ಲ ಪೇಡ ಹಂಚಿದರು. ಮಾವ ಪೇಡ ಮೂಸಿ, ದೀಪ ನೋಡಿ, ಎದೆ ಹಿಡಿದುಕೊಂಡರು! ಯಾಕೆಂದರೆ ರಾಗಿಯ ಅವಸರಕ್ಕೆ ಬೇಕಾದದ್ದು ಬೆಳಕಲ್ಲ, ಕತ್ತಲೆ. ಹಗಲು ಸಣ್ಣದಾಗಿ ಇರುಳು ಉದ್ದವಾದರೇ ಅದು ಬೇಗ ತೆನೆ ಬಿಡುವುದು. ದೀಪದ ಬೆಳಕು ವೆಂಟಿಲೇಟರಿನಿಂದ ನೇರ ಪೈರಿನ ಮೇಲೆ. ಅದನ್ನು ಮುಚ್ಚಿದರೆ ಗಾಳಿಯಿಲ್ಲದೆ ಬೂಷ್ಟು.

"ಇದು ಬೀಜದ ಕಂಪನಿಯೋರ ಕೈವಾಡ" ಎಂದರು ಮಾವ. ಸಂಜೆಯಾಗುತ್ತಲೇ ಟೆರೇಸಿನಿಂದ ದೋಟಿ ಚಾಚಿ ದೀಪಕ್ಕೊಂದು ಗೋಣಿಚೀಲ ತೊಡಿಸಿದರು. ಎದುರುಮನೆ ಆಂಟಿ ಸುಮ್ಮನಿರುತ್ತಾರೆಯೇ? ಬೀದಿಗೆ ಕತ್ತಲೆ ಬಯಸುವವನು ಕಳ್ಳನಲ್ಲದೆ ಇನ್ನಾರು? ಪೊಲೀಸರಿಗೆ ಫೋನ್ ಹೋಯಿತು. ಪೇದೆಯೊಬ್ಬರು ಬಂದು, ಗುಲಾಬಿ ಬೆಳಕು ನೋಡಿ, ಮೀಸೆ ನೇವರಿಸುತ್ತ ಮೇಲೆ ಹತ್ತಿದರು. ನಾನು ಹಿಂದಿಂದೆ.

"ಏನ್ ಸಾರ್ ಇದು, ರಾಗಿ?" ಅವರ ದನಿಯಲ್ಲಿ ಅಪಾರ ನಿರಾಶೆ. "ಮಡಿವಾಳ ಮಾರ್ಕೆಟ್ಟಲ್ಲಿ ಮೂಟೆಗಟ್ಲೆ ಸಿಗುತ್ತಲ್ಲ ಸಾರ್!"

"ಅದು ಸಿಗುತ್ತೆ. ಇದು ಸಿಗಲ್ಲ" ಎಂದರು ಮಾವ.

ಪೇದೆ ಕೊನೆಗೆ, ದೀಪಕ್ಕೆ ಮನೆಯ ಕಡೆಗೊಂದು ತಗಡು ಹೊಡೆಸಿಕೊಳ್ಳಿ ಎಂದು ಉಪಾಯ ಹೇಳಿ ಹೊರಟರು. ಮಾವ ಬಾಗಿಲಿಗೆ ಅಡ್ಡ ನಿಂತರು. "ಸ್ವಲ್ಪ ಪ್ಯಾಂಟ್ ಮಡಿಕೆ ಕೊಡವಿ. ಜೇಬೂ ತೋರ್ಸಿ. ಕಾಳು ಆಚೆ ಹೋಗಬಾರ್ದು." ಪೊಲೀಸರನ್ನೇ ತಪಾಸಣೆ ಮಾಡಿ ಕಳಿಸಿದ ಮನೆ ನಮ್ಮದು!

ಈ ನಡುವೆ ಒಂದು ಬೆಳಿಗ್ಗೆ ಅತ್ತೆ ಕೊಟ್ಟ ಕಾಫಿಯಲ್ಲಿ ಸಕ್ಕರೆಯ ಬದಲು ಉಪ್ಪಿತ್ತು. ಅವರೂ ಅದನ್ನೇ ನೆಮ್ಮದಿಯಾಗಿ ಹೀರುತ್ತಿದ್ದರು. ಮಾವ ಲೋಟ ಕೆಳಗಿಟ್ಟು, "ಕಾಫಿಪುಡಿಯೋನು ಕಲಬೆರಕೆ ಮಾಡಿದಾನೆ" ಎಂದು ಅಂಗಡಿಯವನಿಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದು ಮೇಲೆ ಹೋದರು. ಮಧ್ಯಾಹ್ನದವರೆಗೂ ಇಳಿಯಲಿಲ್ಲ.

ಅಂತೂ ಈ ಸಂಕ್ರಾಂತಿ ಕಳೆದ ಮೇಲೆ, ಬೀಜಕ್ಕೆ ಎತ್ತಿಟ್ಟು ಮಿಕ್ಕಿದ್ದನ್ನು ಬೀಸಿದರೆ ಎರಡು ಮುದ್ದೆಗಾಗುವಷ್ಟು ಹಿಟ್ಟಾಯಿತು. ಸುಮ್ಮನೆ ಉಣ್ಣಲು ಬಿಡುವವರೇ ಮಾವ? ಪರೀಕ್ಷೆ! ಒಂದು ತಟ್ಟೆಯಲ್ಲಿ ಹೊಸ ರಾಗಿ, ಇನ್ನೊಂದರಲ್ಲಿ ಅಂಗಡಿಯದು. ಯಾವುದು ಯಾವುದೆಂದು ನನ್ನೊಬ್ಬಳಿಗೇ ಗೊತ್ತಿರಬೇಕು. "ನಾನೂ ನೋಡಲ್ಲ. ನನ್ನ ಮುಖ ನೋಡಿ ಕಂಡುಹಿಡ್ದುಬಿಡ್ತಾಳೆ" ಎಂದು ಹೊರಗೆ ಹೋಗಿ ಗೇಟಿನ ಹತ್ತಿರ ನಿಂತರು.

ನಾನು ಎರಡನ್ನೂ ತೊಳಸಿ, ಬಸ್ಸಾರು ಬಿಟ್ಟು, ಹೊಸ ರಾಗಿಯ ತಟ್ಟೆಯನ್ನು ಅತ್ತೆಯ ಎಡಗಡೆ ಇಟ್ಟೆ. ಅಡುಗೆಮನೆಯೆಲ್ಲ ಘಮ್ಮೆನ್ನುತ್ತಿತ್ತು. ಮಾವ ಬಂದು ಎದುರಿಗೆ ಕೂತರು. ಅತ್ತೆ ಎಡಗಡೆಯದು ಒಂದು ತುತ್ತು ನುಂಗಿದರು. ಬಲಗಡೆಯದು ಒಂದು ತುತ್ತು. ಮತ್ತೆ ಎಡ, ಮತ್ತೆ ಬಲ. ಆಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡು ಬಲಗಡೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇದೇ ಕಣ್ರೀ! ನಮ್ಮವ್ವ ಮಾಡ್ತಿದ್ದ ಮುದ್ದೆ. ಇದೇ!"

ಮಾವ ನನ್ನನ್ನು ನೋಡಿದರು. "ಸರೀನಾ?"

"ಸರಿ ಮಾವ" ಎಂದೆ. ಅವರ ಮುಖ ನೋಡುವ ಧೈರ್ಯವಾಗದೆ ಸಾರಿನ ಪಾತ್ರೆ ನೋಡಿದೆ.

"ಹಂಗಾದ್ರೆ ಇದು ಅಂಗಡೀದು" ಎಂದು ಎಡಗಡೆಯ ತಟ್ಟೆಯನ್ನು ತಮ್ಮ ಮುಂದೆ ಎಳೆದುಕೊಂಡರು. ಒಂದು ತುತ್ತು ಬಾಯಿಗಿಟ್ಟರು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತೇವೆ. ಮಾವ ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದರು.

"ಹೆಂಗಿದೆ ಅದು?" ಎಂದರು ಅತ್ತೆ, ಬಾಯಿತುಂಬ ಅಂಗಡಿ ಮುದ್ದೆಯಿಟ್ಟುಕೊಂಡು.

"ಥೂ, ಬರೀ ಮಣ್ಣು. ನೀನು ಉಣ್ಣು" ಎಂದರು ಮಾವ. ತಟ್ಟೆಯಲ್ಲಿ ಒಂದು ಚೂರೂ ಬಿಡದೆ ಉಂಡರು.