ಹನ್ನೆರಡು ಹೊರೆ ಕಟ್ಟಿಗೆಯ ಯಜಮಾನ

ನನಗೆ ಸಿಟ್ಟು ಜಾಸ್ತಿ ಅಂತ ಊರೆಲ್ಲ ಹೇಳುತ್ತದೆ. ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನನಗೆ ಸಿಟ್ಟು ಜಾಸ್ತಿ ಅಲ್ಲ ಸ್ವಾಮಿ, ಸಿಟ್ಟು ಬರಿಸುವ ಜನ ಜಾಸ್ತಿ. ಶಿಕಾರಿಪುರದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟುಕೊಂಡು, ಬೆಳಗಿನಿಂದ ಸಂಜೆತನಕ ಆರು ಯಂತ್ರಗಳ ಟಕಟಕದ ನಡುವೆ ಕೂತು, "ಕೀ ನೋಡಬೇಡ್ರೋ, ಕಾಗದ ನೋಡ್ರೋ" ಅಂತ ಇಪ್ಪತ್ತು ವರ್ಷ ಕಿರುಚಿದವನಿಗೆ ಸಿಟ್ಟು ಬರದೆ ಸಂಗೀತ ಬರುತ್ತದೆಯೇ? ಆದರೂ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಈ ಸಿಟ್ಟಿನ ದೆಸೆಯಿಂದ ನಾನು ನಲವತ್ತೊಂಬತ್ತನೇ ವಯಸ್ಸಿನಲ್ಲಿ ಮರ ಹತ್ತಬೇಕಾಯಿತು. ಹತ್ತಿದ್ದಕ್ಕೂ ನನಗೆ ಸಿಟ್ಟಿದೆ. ಇಳಿದು ಬಂದ ಮೇಲೆ ನಡೆದದ್ದಕ್ಕೆ ಅದಕ್ಕಿಂತ ಹೆಚ್ಚು ಸಿಟ್ಟಿದೆ. ಯಾರ ಮೇಲೆ ಅನ್ನುವುದನ್ನು ಕೊನೆಗೆ ನೀವೇ ತೀರ್ಮಾನ ಮಾಡಿ.

ತೊಂಬತ್ತರ ದಶಕದ ನಡುಭಾಗ ಅದು. ಗ್ಯಾಸಿಗೆ ಹೆಸರು ಬರೆಸಿದ್ದೆವು. ನಮ್ಮ ಸರದಿ ಬರುವುದರೊಳಗೆ ಮೊಮ್ಮಗು ಬಂದುಬಿಡುತ್ತದೆ ಅಂತ ನಾನು ತಮಾಷೆ ಮಾಡುತ್ತಿದ್ದೆ. ಹಾಗೇ ಆಯಿತು. ಹಾವೇರಿಗೆ ಕೊಟ್ಟ ಮಗಳು ಶೋಭಾ ಬಸುರಿ, ಶ್ರಾವಣಕ್ಕೆ ಹೆರಿಗೆ ಅಂತ ಕಾಗದ ಬಂತು. ಚೊಚ್ಚಲು ಹೆರಿಗೆ, ತವರಿನಲ್ಲೇ ಆಗಬೇಕು. ಹೆರಿಗೆ ಏನೋ ಒಂದು ದಿನದ್ದು, ಬಾಣಂತನ ಮೂರು ತಿಂಗಳದ್ದು. ಸುರಿಯುವ ಮಳೆಯಲ್ಲಿ, ದಿನಾ ಹಂಡೆಗಟ್ಟಲೆ ಸುಡುಸುಡು ನೀರು. ಅದಕ್ಕೆ ಒಣಕಟ್ಟಿಗೆ ಬೇಕು, ರಾಶಿಗಟ್ಟಲೆ ಬೇಕು. ನಾನೋ, ಕಾಗದ ಬರುವುದಕ್ಕೆ ಸರಿಯಾಗಿ ಒಂದು ವಾರ ಮೊದಲು ಕಟ್ಟಿಗೆ ಅಡ್ಡೆಯವನ ಜೊತೆ ಜಗಳ ಆಡಿ ಕೂತಿದ್ದೆ. ಹಸಿ ಕಟ್ಟಿಗೆ ಕಳಿಸಿದ್ದ ಪುಣ್ಯಾತ್ಮ. ಬೀದಿಯಲ್ಲಿ ನಿಂತು, ಅರ್ಧ ಊರು ಕೇಳುವ ಹಾಗೆ, "ಇನ್ನು ನಿನ್ನ ಅಡ್ಡೆಯ ಒಂದು ಚಕ್ಕೆ ನನ್ನ ಹೊಸ್ತಿಲು ದಾಟಿದರೆ ನಾನು ನಮ್ಮಪ್ಪನ ಮಗನೇ ಅಲ್ಲ" ಅಂದುಬಿಟ್ಟಿದ್ದೆ. ಅವನು ಎದುರು ಮಾತಾಡಿದ್ದರೆ ಸಮಾಧಾನವಾಗುತ್ತಿತ್ತು. "ಆತು ಬಿಡ್ರಿ ಮೇಷ್ಟ್ರೇ" ಅಂತ ಎಲೆಗೆ ಸುಣ್ಣ ಸವರುತ್ತಾ ಕೂತ. ಈಗ ಹೋಗಿ ಅವನ ಮುಂದೆ ನಿಲ್ಲುವುದು ಹೇಗೆ? ನನ್ನ ಹೆಂಡತಿ ಗಿರಿಜಾ ಕಾಗದ ಮಡಿಸುತ್ತಾ ಕೇಳಿದಳು: "ಮಗಳ ನೀರಿಗೆ ಏನು ಉರಿಸ್ತೀರಿ? ನಿಮ್ಮ ಸಿಟ್ಟನ್ನಾ?"

ಅದೇ ಹೊತ್ತಿಗೆ ನಮ್ಮ ತಾಲ್ಲೂಕಿಗೆ ಕೊಟ್ಟ ತನ್ನ ತಂಗಿಯ ಪಹಣಿ ತಿದ್ದುಪಡಿಗೆ ಅರ್ಜಿ ಟೈಪ್ ಮಾಡಿಸಲು ಕೆರಿಯಪ್ಪ ಅನ್ನುವವನು ನನ್ನಲ್ಲಿಗೆ ಬಂದ. ಸೊರಬದಾಚೆ ಚಂದ್ರಗುತ್ತಿ ಕಡೆಯವನು. ಎಂತ ಕೆಲಸ ನಿಮ್ಮದು ಅಂದರೆ, ಮರ ಸವರೋದು ಅಂದ. ಅವರ ಕಡೆ ಬೇಸಿಗೆಯಲ್ಲಿ ಗದ್ದೆ ಬದುವಿನ ಮಾವು, ನೇರಳೆ ಮರಗಳ ಟೊಂಗೆ ಕಡಿಸುತ್ತಾರೆ, ಭತ್ತಕ್ಕೆ ನೆರಳು ಬೀಳಬಾರದು ಅಂತ. ಕಡಿದವನಿಗೆ ಕೂಲಿ ಇಲ್ಲ, ಟೊಂಗೆಯೇ ಕೂಲಿ. ಇದನ್ನು ಕೇಳಿದ್ದೇ ನನ್ನ ತಲೆಯಲ್ಲಿ ದೀಪ ಹತ್ತಿತು. ನಾನೂ ಬಂದು ಕೆಲಸ ಮಾಡಿದರೆ ನನಗೂ ಕಟ್ಟಿಗೆ ಸಿಗುತ್ತದೆಯೇ ಅಂತ ಕೇಳಿದೆ. ಕೆರಿಯಪ್ಪ ನನ್ನ ಮುಖ ನೋಡಲಿಲ್ಲ, ಕೈ ನೋಡಿದ. "ಬನ್ನಿ ಮಾರಾಯ್ರೆ, ಕೆಲ್ಸ ಕಲ್ತಂಗೂ ಆತು. ಆದ್ರೆ ನಮ್ಮಲ್ಲಿ ಒಂದು ಕಟ್ಟಳೆ ಉಂಟು. ಸಂಜಿಗೆ ಹೊರೆ ಕಟ್ಟಿ, ಯಾರ ಕೈಯೂ ಮುಟ್ಟಿಸ್ದೆ ನಿಮ್ಮ ತಲೆ ಮೇಲೆ ಎತ್ತಿಟ್ಟುಕೊಂಡಷ್ಟು ನಿಮ್ದು. ಯಾರಾದ್ರೂ ಕೈ ಹಾಕಿ ಎತ್ತಿಸಿದ್ರೆ ಅದ್ರಲ್ಲಿ ಅರ್ಧ ಅವರದ್ದು." ಇಷ್ಟೇ ತಾನೇ ಅಂದೆ. ಆ "ಇಷ್ಟೇ ತಾನೇ" ಅನ್ನುವ ಮಾತು ನನ್ನ ಬಾಯಿಂದ ಬಂದಾಗಲೆಲ್ಲ ನನಗೆ ಗ್ರಹಚಾರ ಕಾದಿರುತ್ತದೆ.

ಪರೀಕ್ಷೆ ಮುಗಿದು ಹುಡುಗರಿಗೆ ರಜೆ ಕೊಟ್ಟಿದ್ದ ಕಾಲ. ಬೀದಿಯವರಿಗೆ ನೆಂಟರ ಮನೆ ಮದುವೆ ಅಂತ ಹೇಳಿದೆ. ಕ್ಯಾಸನೂರಿನ ಕಡೆಯ ಕಾಡು, ಉಣುಗು ಕಚ್ಚಿ ಮಂಗನ ಕಾಯಿಲೆ ಬಂದೀತು, ಒಣಗಿದೆಲೆ ಮೇಲೆ ಕೂರಬೇಡಿ ಅಂತ ಗಿರಿಜಾ ಹತ್ತು ಸಲ ಹೇಳಿ, ಕೊಬ್ಬರಿ ಎಣ್ಣೆ, ಹಳೇ ಉದ್ದ ತೋಳಿನ ಅಂಗಿ, ಎರಡು ಪಂಚೆ ಚೀಲಕ್ಕೆ ತುಂಬಿದಳು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸಿ ಸೊರಬ, ಅಲ್ಲಿಂದ ಇನ್ನೊಂದು ಬಸ್ಸು. ಕೆರಿಯಪ್ಪನ ಮನೆ ಜಗುಲಿಯಲ್ಲಿ ಚಾಪೆ ಹಾಕಿಕೊಟ್ಟರು. ಅವನ ತಾಯಿ, ಎಪ್ಪತ್ತು ದಾಟಿದ ಮುದುಕಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವ್ರು ಮರ ಹತ್ತೋರಾ?" ಅಂತ ಮಗನನ್ನು ಕೇಳಿದರು. ಮೊದಲ ಸಿಟ್ಟು ಅಲ್ಲಿಯೇ ಬಂತು.

ಮೂರು ದಿನ ಕೆರಿಯಪ್ಪ ನನ್ನ ಕೈಗೆ ಕೊಡಲಿ ಕೊಡಲಿಲ್ಲ. ಅವನು ಮೇಲೆ ಕೂತು ಕಡಿಯುವುದು, ನಾನು ಕೆಳಗೆ ಬಿದ್ದ ಟೊಂಗೆ ಎಳೆಯುವುದು. ಎಳೆ, ಸೊಪ್ಪು ಸವರು, ಒಟ್ಟು. ಮತ್ತೆ ಎಳೆ. ಮಾವಿನ ಮರದ ಕೆಂಪಿರುವೆಗಳು ಅಂಗಿಯೊಳಗೆ ಊರು ಕಟ್ಟಿಕೊಂಡವು. "ನನಗೂ ಕಡಿಯೋಕೆ ಕೊಡಿ" ಅಂದರೆ, "ಆಗ್ಲಿ, ನೋಡುವ" ಅನ್ನುತ್ತಿದ್ದ. ನೋಡುವ ಅಂದರೆ ಯಾವಾಗ ನೋಡುವ? ಡಿಗ್ರಿ ಓದಿದವರಿಗೆ ಪಾಠ ಹೇಳಿದವನು ನಾನು! ಅಂಥವನನ್ನು ಸೊಪ್ಪು ಸವರಲು ಹಚ್ಚಿದ್ದಾನಲ್ಲ ಅಂತ ಹಲ್ಲು ಕಚ್ಚಿಕೊಂಡು ಎಳೆದೆ. ನನ್ನಲ್ಲಿಗೆ ಬರುವ ಹೊಸ ಹುಡುಗರಿಗೆ ನಾನು ಹದಿನೈದು ದಿನ ಬರೀ ಎ-ಎಸ್-ಡಿ-ಎಫ್ ಹೊಡೆಸಿ ಕೂರಿಸುತ್ತೇನೆ ಅನ್ನುವುದು ನೆನಪಿಗೆ ಬಂತು. ನೆನಪಿಗೆ ಬಂದದ್ದಕ್ಕೂ ಸಿಟ್ಟು ಬಂತು.

ಇನ್ನು ಆ ಕಟ್ಟಳೆಯ ವಿಷಯ. ಮೊದಲ ಸಂಜೆ ನಾನು ಕಟ್ಟಿದ ಹೊರೆ ನೋಡಬೇಕಿತ್ತು ನೀವು. ದಪ್ಪದಪ್ಪ ಕೊರಡುಗಳನ್ನೇ ಆರಿಸಿ, ಮೂರು ಕಡೆ ಬಳ್ಳಿ ಬಿಗಿದು, ನನ್ನ ಮೊಮ್ಮಗುವಿಗೆ ಒಂದು ವಾರದ ನೀರು ಇದರಲ್ಲೇ ಕಾಯುತ್ತದೆ ಅಂದುಕೊಂಡೆ. ಎತ್ತಲು ಹೋದೆ. ಹೊರೆ ಏಳಲಿಲ್ಲ, ಸೊಂಟದಲ್ಲಿ ಏನೋ ಕಟಕ್ ಅಂತು. ಮಂಡಿಯೂರಿ ನೋಡಿದೆ, ಮರಕ್ಕೆ ಒರಗಿಸಿ ನೋಡಿದೆ. ಅಷ್ಟು ಹೊತ್ತಿಗೆ ಕೆರಿಯಪ್ಪನ ತಾಯಿ ದನ ಹೊಡೆದುಕೊಂಡು ಬಂದವರು, "ಎತ್ತಿಸ್ಲಾ ತಮ್ಮಾ?" ಅಂದರು. ಪಾಪ, ಒಳ್ಳೇ ಮುದುಕಿ ಅಂದುಕೊಂಡು ಹೂಂ ಅಂದೆ. ಆಕೆ ಒಂದೇ ಕೈಯಲ್ಲಿ ಹಿಂದಿನಿಂದ ಒತ್ತು ಕೊಟ್ಟರು, ಹೊರೆ ತಲೆಗೇರಿತು. ಅಂಗಳಕ್ಕೆ ತಂದು ಹಾಕಿದ ಮೇಲೆ ನಗುನಗುತ್ತಾ ಬಳ್ಳಿ ಬಿಚ್ಚಿ, ಅರ್ಧ ಎಣಿಸಿ ತಮ್ಮ ಬಚ್ಚಲಿನ ಬಾಗಿಲಿಗೆ ಒಟ್ಟಿಕೊಂಡರು. ದಾಕ್ಷಿಣ್ಯ ಅನ್ನುವುದು ಒಂದು ಚೂರಾದರೂ ಬೇಡವೇ? ಎರಡನೇ ಸಂಜೆಯೂ ಅದೇ ಕತೆ. ಮೂರನೇ ಸಂಜೆ ಅವರು ಕೇಳಿದಾಗ ನಾನು "ಬೇಡ!" ಅಂತ ಕಿರುಚಿದ ಜೋರಿಗೆ ದನಗಳು ಬೆದರಿ ಗದ್ದೆಗೆ ನುಗ್ಗಿದವು. ಆವತ್ತು ಸಣ್ಣ ಹೊರೆ ಕಟ್ಟಿದೆ, ಒಬ್ಬನೇ ಎತ್ತಿದೆ. ಅದು ನನ್ನ ಮೊದಲನೇ ಪೂರ್ತಿ ಹೊರೆ.

ನಾಲ್ಕನೇ ದಿನ ಕೊಡಲಿ ಸಿಕ್ಕಿತು. ಎರಡಾಳು ಎತ್ತರದ ಒಂದು ನೇರಳೆ ಕವಲಿಗೆ ನನ್ನನ್ನು ಹತ್ತಿಸಿ, ಸೊಂಟಕ್ಕೆ ಹಗ್ಗ ಸುತ್ತಿ ಮರಕ್ಕೆ ಕಟ್ಟಿ, ಕೆರಿಯಪ್ಪ ಹೇಳಿದ: "ಮೊದ್ಲು ಟೊಂಗೆ ಅಡೀಲಿ ಒಂದು ಕಚ್ಚು ಹಾಕಿ. ಆಮೇಲೆ ಮೇಲಿಂದ ಕಡೀರಿ." ನಾನು ಅಡಿಯಲ್ಲಿ ಎರಡು ಏಟು ಹಾಕಿದೆ, ಕೊಡಲಿ ಜಾರಿತು, ಸಿಪ್ಪೆಯೂ ಹೋಗಲಿಲ್ಲ. ಕೆಳಗಿನಿಂದ ಅವನು, "ಹಂಗಲ್ಲ ಮೇಷ್ಟ್ರೆ" ಅಂದ. ಮತ್ತೊಂದು ಏಟು. "ಹಂಗೂ ಅಲ್ಲ." ನನಗೆ ತಡೆಯಲಾಗಲಿಲ್ಲ. ಅಡಿಯ ಕಚ್ಚೂ ಬೇಡ, ನಿನ್ನ ಪಾಠವೂ ಬೇಡ ಅಂತ ಇದ್ದಬದ್ದ ಸಿಟ್ಟನ್ನೆಲ್ಲ ಸೇರಿಸಿ ಮೇಲಿನಿಂದಲೇ ದಬದಬ ಹೊಡೆದೆ. ಟೊಂಗೆ ಅರ್ಧ ತುಂಡಾಗಿ, ಚರ್ರಂತ ಸಿಪ್ಪೆ ಸಮೇತ ಬುಡದವರೆಗೆ ಸೀಳಿ, ತಿರುಗಿ ಬಂದು ನಾನು ಕಾಲೂರಿದ್ದ ಕವಲಿಗೇ ಬಡಿಯಿತು. ಕಾಲು ಜಾರಿತು. ಹಗ್ಗ ಇಲ್ಲದಿದ್ದರೆ ಈ ಪ್ರಬಂಧವೂ ಇರುತ್ತಿರಲಿಲ್ಲ. ಗೋಡೆಗೆ ನೇತುಹಾಕಿದ ಛತ್ರಿಯ ಹಾಗೆ ನೇತಾಡಿದೆ. ಕೆರಿಯಪ್ಪ ಬೈಯಲಿಲ್ಲ. ಹತ್ತಿ ಬಂದು ನನ್ನನ್ನು ಇಳಿಸಿ, ಸೀಳಿದ ಬುಡವನ್ನು ಕೈಯಿಂದ ಸವರಿ, "ನಾಲ್ಕು ವರ್ಷ ಬೇಕು ಇದು ಮಾಯಕ್ಕೆ" ಅಂದ. ನನ್ನ ಮೊಣಕಾಲಿನ ಗಾಯದ ಬಗ್ಗೆ ಕೇಳಲಿಲ್ಲ. ಆ ಸಿಟ್ಟಿಗೇ ನಾನು ಮಾರನೇ ದಿನದಿಂದ ಅಡಿಯ ಕಚ್ಚು ಕಲಿತೆ. ಹೊಪ್ಪಳೆ ಎದ್ದ ಕೈಗೆ ಬಟ್ಟೆ ಸುತ್ತಿಕೊಂಡು ಕಲಿತೆ. ಹತ್ತನೇ ದಿನ ಒಂದು ಟೊಂಗೆ, ಎಲ್ಲಿ ಬೀಳಬೇಕು ಅಂದುಕೊಂಡಿದ್ದೆನೋ ಅಲ್ಲೇ, ಸದ್ದಿಲ್ಲದೆ ಬಿತ್ತು. ಕೆರಿಯಪ್ಪ "ಹೂಂ" ಅಂದ. ಅವನ ಬಾಯಿಂದ ಬಂದ ಹೊಗಳಿಕೆ ಅದೊಂದೇ.

ಹದಿನಾಲ್ಕು ದಿನಕ್ಕೆ ಹನ್ನೆರಡು ಹೊರೆ. ಒಂದೊಂದನ್ನೂ ಯಾರ ಕೈಯೂ ಸೋಕದೆ ಎತ್ತಿದ್ದೆ. ಮುದುಕಿಯ ಜೊತೆ ಪಾಲಾದ ಹೊರೆಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹುಲ್ಲು ತುಂಬಿಕೊಂಡು ಶಿಕಾರಿಪುರದ ಕಡೆ ಹೊರಟಿದ್ದ ಟ್ರಾಕ್ಟರಿಗೆ ಕಟ್ಟಿಗೆ ಹೇರಿ, ಅದರ ಮೇಲೆ ನಾನೇ ಕೂತು ಊರಿಗೆ ಬಂದೆ. ನೆಂಟರ ಮದುವೆಯಿಂದ ಹೀಗೇಕೆ ಬಂದೆ ಅಂತ ಕೇಳಿದವರಿಗೆ, ಮೊದಲು ದಾರಿ ಬಿಡಿ ಅಂದೆ. ಹಿತ್ತಲಲ್ಲಿ ತಗಡಿನ ಮಾಡು ಕಟ್ಟಿ, ಕಟ್ಟಿಗೆ ಸೀಳಿ, ಒಣಗಿಸಿ, ಸಣ್ಣದು ಒಂದು ಕಡೆ, ದಪ್ಪದು ಒಂದು ಕಡೆ, ಸಾಲಾಗಿ ಜೋಡಿಸಿದೆ. ದಿನಾ ಬೆಳಿಗ್ಗೆ ಎದ್ದು ಮೊದಲು ಅದನ್ನೇ ನೋಡುತ್ತಿದ್ದೆ. ಬಂದವರಿಗೆಲ್ಲ ತೋರಿಸಿದೆ. ಇದು ನೇರಳೆ, ಇದು ಮಾವು, ಇದನ್ನು ಕಡಿಯುವಾಗ ಕೆರಿಯಪ್ಪ ಹೂಂ ಅಂದ.

ಶ್ರಾವಣದ ಜಡಿಮಳೆಯಲ್ಲಿ ಹೆರಿಗೆಯಾಯಿತು. ಹೆಣ್ಣುಮಗು. ಬಾಣಂತಿಗೆ ನೀರು ಹಾಕಲು ಗಂಗಜ್ಜಿ ಬಂದರು, ಆ ಕೆಲಸದಲ್ಲಿ ನಮ್ಮ ಬೀದಿಗೇ ಹೆಸರಾದವರು. ಬಂದವರೇ ನನ್ನ ಸಾಲಿನಿಂದ ನಾಲ್ಕು ದಪ್ಪ ಕೊರಡು ಎಳೆದು ಒಮ್ಮೆಲೇ ಒಲೆಗೆ ತುರುಕಿದರು. "ಅಜ್ಜೀ, ಅದೇನು ಕಸ ಅಂದ್ಕೊಂಡ್ರಾ? ನಾಲ್ಕು ಯಾಕೆ?" ಅಂದೆ. "ಬಾಣಂತಿ ನೀರು ಮೇಷ್ಟ್ರೇ, ನಿಮ್ಮ ಮುಖ ತೊಳಿಯೋ ನೀರಲ್ಲ" ಅಂದರು. ಮಾತಿಗೆ ಮಾತು ಬೆಳೆಯಿತು. ಮಾರನೇ ದಿನದಿಂದ ಕಟ್ಟಿಗೆ ಕೊಡುವುದು ನನ್ನ ಕೈಯಿಂದಲೇ ಅಂತ ಹುಕುಂ ಮಾಡಿದೆ. ಒಂದು ದಪ್ಪದು, ಎರಡು ಸಣ್ಣದು, ಅಷ್ಟೇ. ಗಿರಿಜಾ ಇನ್ನೊಂದಕ್ಕೆ ಕೈ ಹಾಕಿದರೆ ಹಾರಿ ಬೀಳುತ್ತಿದ್ದೆ. ಕಟ್ಟಿಗೆ ತಾನಾಗಿ ಬೆಳೆಯುತ್ತದೆ ಅಂತ ತಿಳಿದಿದ್ದೀರಾ? ಮರಕ್ಕೆ ನೇತಾಡಿದವನು ನಾನೋ ನೀವೋ? ಎರಡು ವಾರ ಹೀಗೇ ನಡೆಯಿತು. ಸಾಲು ಹೆಚ್ಚು ಕರಗಲಿಲ್ಲ ಅಂತ ನನಗೆ ಒಳಗೊಳಗೇ ಹೆಮ್ಮೆ.

ಒಂದು ಬೆಳಿಗ್ಗೆ ಬಚ್ಚಲಿನ ಹಿಂದೆ ಕಟ್ಟಿಗೆ ಎಣಿಸುತ್ತಿದ್ದೆ. ಹೌದು, ಎಣಿಸುತ್ತಿದ್ದೆ. ಒಳಗೆ ಗಂಗಜ್ಜಿಯ ದನಿ ಕೇಳಿತು: "ಉಗುರುಬೆಚ್ಚಗೆ ಐತವ್ವಾ. ಇದ್ರಾಗೆ ಬಾಣಂತಿ ಸೊಂಟ ಗಟ್ಟಿ ಆದೀತಾ? ಮೈ ನೋಡು ಹೆಂಗೆ ನಡುಗ್ತೈತಿ. ನಿಮ್ಮಪ್ಪಗೆ ನಾನೇ ಹೇಳ್ತೀನಿ." ಆಮೇಲೆ ಶೋಭಾಳ ದನಿ, ಮೆಲ್ಲಗೆ: "ಬ್ಯಾಡ ಅಜ್ಜೀ. ಅಪ್ಪ ಕೈ ಎಲ್ಲಾ ಹರ್ಕೊಂಡು ಕಡಿದು ತಂದಾನೆ. ಅವನಿಗೆ ಬೇಜಾರಾಗ್ತದೆ. ನಂಗೆ ಚಳಿ ಏನಿಲ್ಲ, ಹಾಕು." ಹೇಳುವಾಗ ಅವಳ ಹಲ್ಲು ಕಟಕಟ ಅನ್ನುತ್ತಿತ್ತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನೇರ ಅಡುಗೆಮನೆಗೆ ಹೋಗಿ ಗಿರಿಜಾಳ ಮೇಲೆ ಹರಿಹಾಯ್ದೆ. ಹಸಿಬಾಣಂತಿ ತಣ್ಣೀರಲ್ಲಿ ಮೀಯುತ್ತಿದ್ದಾಳೆ, ಮನೆಯಲ್ಲಿ ಒಬ್ಬರಿಗಾದರೂ ಬಾಯಿ ಇಲ್ಲವೇ, ನನಗೆ ಹೇಳಬಾರದಿತ್ತೇ ಅಂತ ಕೂಗಾಡಿದೆ. ಅವಳು ಮೆಂತ್ಯದ ಹಿಟ್ಟು ಹುರಿಯುತ್ತಿದ್ದವಳು ಸೌಟು ಕೆಳಗಿಟ್ಟಳು. "ಹದಿನೈದು ದಿನದಿಂದ ನಾನು ಏನು ಹೇಳ್ತಿದ್ದೆ ಅಂತ ತಿಳ್ಕೊಂಡಿದ್ರಿ? ಮಗಳು ಇಲ್ಲಿಗೆ ಯಾಕೆ ಬಂದಿದಾಳೆ, ನಿಮ್ಮ ಕಟ್ಟಿಗೆ ಕಾಯಾಕಾ?" ಅಂದಳು. ಬೈಯಲು ಬಾಯಿ ತೆರೆದೆ. ಯಾರನ್ನು ಬೈಯುವುದು? ಮನೆಯಲ್ಲಿ ನಾನೊಬ್ಬನೇ ಬಾಕಿ ಉಳಿದಿದ್ದೆ. ಬೇಕಾದಷ್ಟು ಬೈದುಕೊಂಡೆ, ಬಾಯಿಗೆ ಬಂದಹಾಗೆ ಬೈದುಕೊಂಡೆ, ಆದರೆ ಜೋರಾಗಿ ಅಲ್ಲ.

ಮಾರನೇ ದಿನ ಒಲೆಯ ಮುಂದೆ ನಾನೇ ಕೂತೆ. ದಪ್ಪ ಸಾಲಿನಿಂದ ಐದು ಕೊರಡು ಹಾಕಿದೆ. ಹಂಡೆ ಕೊತಕೊತ ಅಂತು. ಗಂಗಜ್ಜಿ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದು, "ಮೇಷ್ಟ್ರೇ, ಬಾಣಂತಿಗೆ ಎರೀಬೇಕೋ, ಬೇಯಿಸ್ಬೇಕೋ?" ಅಂತ ಕೇಳಿ ಎರಡು ಕೊಡ ತಣ್ಣೀರು ತರಿಸಿದರು. ನಾನೇ ಹೊತ್ತು ತಂದುಕೊಟ್ಟೆ. ಒಳಗೆ ನೀರು ಬೀಳುವ ಸದ್ದು ಶುರುವಾಯಿತು. ಒಂದು ಚೊಂಬಿನ ಹಿಂದೆ ಇನ್ನೊಂದು, ನಡುವೆ ಶೋಭಾ "ಹಾ... ಹಾ..." ಅನ್ನುವುದು. ಬಿಸಿ ತಾಗಿ ಸುಖವಾದಾಗ ಬರುವ ಸದ್ದು ಅದು, ಹದಿನೈದು ದಿನದಲ್ಲಿ ಮೊದಲ ಸಲ ಕೇಳಿದ್ದು. ಆಮೇಲೆ ಒಳಗಿನಿಂದಲೇ ಕೂಗಿದಳು: "ಅಪ್ಪಾ, ಇನ್ನೊಂದು ಕೊರಡು ಹಾಕಪ್ಪಾ."

ಎದ್ದು ಹೋಗಿ ತಂದೆ. ಒಂದಲ್ಲ, ಎರಡು ಹಾಕಿದೆ. ಎರಡನೆಯದು ಗಂಟಿಲ್ಲದ ಒಳ್ಳೇ ನೇರಳೆ. ಅದನ್ನು ಒಲೆಗೆ ನೂಕುವಾಗ ಮಾತ್ರ ಕೈ ಒಂದು ಗಳಿಗೆ ತಡೆಯಿತು, ನಿಮ್ಮ ಮುಂದೆ ಸುಳ್ಳು ಹೇಳುವುದಿಲ್ಲ.