ಬಸವನ ಹುಳುವಿನಲ್ಲಿ ಹುಳು ಬಿಟ್ಟುಹೋದ ಬಗ್ಗೆ

ಇಲಾಖಾ ಕಾರ್ಯಾಲಯ, ಮಳವಳ್ಳಿ
ಸಂಖ್ಯೆ: ದನಗ/ನೀರು/ನಿಧಾನ/೭

ವಿಷಯ: ಗಾಜಿನ ತೊಟ್ಟಿಯಲ್ಲಿ ಬಸವ ಸಾಕಾಣಿಕೆ ಕುರಿತು.
ಉಲ್ಲೇಖ: ೧. ಶ್ರೀಮತಿ ವನಜಾ ಅವರ ಮನವಿ. ೨. ಅದೇ ಮನವಿ, ಸ್ವಲ್ಪ ಜೋರಾಗಿ.

ಬೆಳಕವಾಡಿ ರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಶ್ರೀಮತಿ ವನಜಾ ಅವರು ಮೀನಿನ ತೊಟ್ಟಿಯ ಪಾಚಿ ತಿನ್ನಲೆಂದು ಒಂದು ಜೊತೆ ಬಸವನ ಹುಳು ಸಾಕಿರುತ್ತಾರೆ. ಜಾನುವಾರು ಗಣತಿದಾರ ಶ್ರೀ ಪುಟ್ಟರಾಜು ಅವರ ಮೊಬೈಲಿನ ಕಲಂನಲ್ಲಿ ಜಾಗ ಸಾಲದೆ, 'ಬಸವ' ಒಳಹೋಗಿ 'ಹುಳು' ಹೊರಗುಳಿದಿರುತ್ತದೆ. ಒಳಹೋದದ್ದು ಹೊರಬರುವ ಪದ್ಧತಿ ಇಲಾಖೆಯಲ್ಲಿ ಇಲ್ಲದ ಕಾರಣ, ಸದರಿ ಹುಳುಗಳನ್ನು ಎತ್ತುಗಳೆಂದೇ ಪರಿಗಣಿಸಿ ಈ ಮೂಲಕ ಸೂಚಿಸಲಾಗಿದೆ:

೧. ಪ್ರತಿ ಬಸವನಿಗೂ ಕಿವಿಯೋಲೆ ಹಾಕಿಸತಕ್ಕದ್ದು. ಕಿವಿ ಇಲ್ಲದಿದ್ದಲ್ಲಿ, ಇಲ್ಲವೆಂದು ಪಶುವೈದ್ಯರಿಂದ ದೃಢೀಕರಣ ಪಡೆಯತಕ್ಕದ್ದು.

೨. ಕಾಲುಬಾಯಿ ಜ್ವರದ ಲಸಿಕೆ ಕಡ್ಡಾಯ. ಕಾಲು ಎಲ್ಲಿ ಮುಗಿದು ಬಾಯಿ ಎಲ್ಲಿ ಶುರುವಾಗುತ್ತದೆಂಬುದು ಇತ್ಯರ್ಥವಾಗುವವರೆಗೆ, ತೊಟ್ಟಿಗೆ ಸೂಜಿ ತೋರಿಸಿದರೆ ಸಾಕು.

೩. ಒಂದು ಬಸವ ಗಾಜಿನ ಮೇಲೆ ಮೊಟ್ಟೆ ಇಟ್ಟಿರುವುದು ಗಮನಕ್ಕೆ ಬಂದಿದೆ. ಎತ್ತಿಗೆ ಇದು ಶೋಭೆಯಲ್ಲ. ಕಾರಣ ಕೇಳಿ ನೋಟಿಸು ನೀಡಲು ಹೋದಾಗ ಸದರಿ ಬಸವ ಒಳಸರಿದು ಬಾಗಿಲು ಹಾಕಿಕೊಂಡಿದ್ದರಿಂದ, ನೋಟಿಸನ್ನು ಚಿಪ್ಪಿಗೆ ಅಂಟಿಸಲಾಯಿತು. ಅಂಟು ನಿಂತಿಲ್ಲ.

೪. ಸಂಕ್ರಾಂತಿಯಂದು ಕಿಚ್ಚು ಹಾಯಿಸುವಾಗ, ಈ ಬಸವಗಳ ನಡಿಗೆಯನ್ನು ಪರಿಗಣಿಸಿ, ಹುಲ್ಲು ಉರಿದು ಬೂದಿ ಆರಿದ ನಂತರವೇ ದಾಟಿಸತಕ್ಕದ್ದು.

೫. ಶ್ರೀಮತಿ ವನಜಾ ಅವರು ಕಚೇರಿಗೆ ಬಂದು, "ಎತ್ತಲ್ಲ ಸ್ವಾಮಿ, ಉಳ ಕಣ್ರೀ ಅದು! ಉಳ ಅಂತ ಬರ್ಕಳಿ!" ಎಂದು ಮೇಜು ಕುಟ್ಟಿರುತ್ತಾರೆ. ಹಾಗೆ ತಿದ್ದಿದಲ್ಲಿ ಕಡತವು ಕೀಟನಾಶಕ ಶಾಖೆಗೆ ವರ್ಗವಾಗುವುದೆಂದೂ, ಆ ಶಾಖೆಯವರು ಮನೆಗೇ ಬಂದು ಔಷಧಿ ಹೊಡೆಯುವರೆಂದೂ ಅವರಿಗೆ ಸಹಾನುಭೂತಿಯಿಂದ ತಿಳಿಸಲಾಯಿತು.

೬. ಸದರಿಯವರು, ದಿನವಿಡೀ ಮಿಷನ್ನಿನ ಮುಂದೆ ಕೂತವಳಿಗೆ ಅವೇ ಜೊತೆ ಎಂದು ಕಣ್ಣೊರೆಸಿಕೊಂಡು, "ಔಸ್ದಿ ಒಡೀಬ್ಯಾಡಿ. ಎತ್ತೇ ಆಗ್ಲಿ ಬುಡಿ, ಬದುಕಿರ್ಲಿ" ಎಂದು ನುಡಿದು, ಎತ್ತುಗಳೆಂದು ಒಪ್ಪಿ ಸಹಿ ಮಾಡಿರುತ್ತಾರೆ. ಈ ಸಹಕಾರವನ್ನು ಇಲಾಖೆ ಶ್ಲಾಘಿಸುತ್ತದೆ.

ಸಹಿ/-
ಸಹಾಯಕ ನಿರ್ದೇಶಕರು (ಪ್ರಭಾರ)
ರಜೆಯ ಮೇಲೆ

ಪ್ರತಿಗಳು:
೧. ಕೀಟನಾಶಕ ಶಾಖೆ, ಮಂಡ್ಯ: ಪಂಪು ಹೊತ್ತು ಹೊರಟಿರುವ ಸಿಬ್ಬಂದಿ ಮದ್ದೂರಿನಲ್ಲೇ ಟೀ ಕುಡಿದು ವಾಪಸಾಗಲು.
೨. ಶ್ರೀ ಪುಟ್ಟರಾಜು, ಗಣತಿದಾರರು: ತೊಟ್ಟಿಯ ಮೀನುಗಳನ್ನು ಬರೆಯದಿರಲು.
೩. ಶ್ರೀಮತಿ ವನಜಾ: ಜೋಡಿ ಎತ್ತು ಹೊಂದಿರುವುದರಿಂದ ಉಳುಮೆ ಯೋಜನೆಗೆ ಆಯ್ಕೆಯಾಗಿರುತ್ತಾರೆ. ನೊಗವನ್ನು ಪ್ರತ್ಯೇಕವಾಗಿ ಕಳುಹಿಸಲಾಗಿದೆ.